ದೊಡ್ಡವ್ವನ ಕೆನ್ನೆಯ ಪಾಚಿ

ಮೊಬೈಲಿನೊಳಗಿಂದ ಅರಳು ಹುರಿಯುವ ಶಬ್ದ ಬಂತು. ಹೋದ ತಿಂಗಳು ಒಂಬತ್ತನೇ ತರಗತಿಯ ಪಾಠಕ್ಕೆಂದು ಏನೋ ಹುಡುಕುತ್ತ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ನೀರಿಲ್ಲದೆ ಬಾಡುತ್ತಿರುವ ಟೊಮೆಟೊ ಗಿಡ, ಕಾಂಡ ಕತ್ತರಿಸಿದ ಗಿಡ ಶಬ್ದ ಮಾಡುತ್ತವೆ ಎಂದು ವಿಜ್ಞಾನಿಗಳು ಈಚೆಗೆ ಕಂಡುಕೊಂಡಿದ್ದಾರಂತೆ. ಮನುಷ್ಯರ ಕಿವಿಗೆ ನಿಲುಕದಷ್ಟು ಏರಿದ ಶ್ರುತಿಯ ಶಬ್ದ ಅದು; ಆ ಶ್ರುತಿ ಇಳಿಸಿ, ನಮಗೆ ಕೇಳುವ ಹಾಗೆ ಮಾಡಿ ಹಾಕಿದ್ದರು. ಪಟ್, ಪಟಪಟ್, ಸ್ವಲ್ಪ ಸುಮ್ಮನಾಗಿ ಮತ್ತೆ ಪಟ್. ಕಾದ ಬಾಣಲೆಗೆ ಭತ್ತ ಹಾಕಿದಾಗ ಮೊದಲ ನಾಲ್ಕು ಕಾಳು ಸಿಡಿಯುತ್ತವಲ್ಲ, ಥೇಟ್ ಹಾಗೆ. ಪಕ್ಕದಲ್ಲಿದ್ದ ಹಿಂದಿ ಟೀಚರ್ "ಎಂತ ಹುರೀತಿದೀರಿ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಈ ಶಬ್ದವನ್ನು ಇದೇ ಮಾತಿನಲ್ಲಿ ನನಗೆ ಹೇಳಿದವಳೊಬ್ಬಳಿದ್ದಳು. ಅವಳನ್ನು ಸುಮ್ಮನಾಗಿಸಿದವಳು ನಾನೇ.

ಅವಳು ನನ್ನ ಅಮ್ಮನ ಅಕ್ಕ, ನನಗೆ ದೊಡ್ಡವ್ವ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಆಲ್ದೂರಿನಿಂದಾಚೆಯ ಒಂದು ಎಸ್ಟೇಟಿನ ಕೂಲಿ ಲೈನಿನಲ್ಲಿ, ಎಂಟು ಮನೆಗಳ ಸಾಲಿನ ಕಡೆಯದು ನಮ್ಮದು. ಒಂದು ಕೋಣೆ, ಒಂದು ಅಡುಗೆಮನೆ. ಹುಳು ಹಿಡಿದು ಕಿತ್ತ ಕಾಫಿ ಗಿಡಗಳೇ ನಮ್ಮ ಒಲೆಗೆ ಸೌದೆ. ಆ ಹೊಗೆಗೊಂದು ಸಿಹಿ ಒಗರು ಇರುತ್ತಿತ್ತು. ನನ್ನ ಪುಸ್ತಕ, ಯೂನಿಫಾರಂ, ತಲೆಕೂದಲು ಎಲ್ಲಕ್ಕೂ ಅದೇ ವಾಸನೆ. ನಾಗರಪಂಚಮಿಗೆ ಆ ಒಲೆಯ ಮೇಲೆ ದೊಡ್ಡವ್ವ ಅರಳು ಹುರಿಯುವಾಗ, ಬಾಣಲೆಯಿಂದ ಹಾರಿ ಬಿದ್ದ ಬಿಳಿ ಅರಳನ್ನು ಮಣ್ಣಿನ ನೆಲದಿಂದ ಹೆಕ್ಕಿ ತಿನ್ನುವುದು ನನ್ನ ಕೆಲಸ. ನಿಮಗೂ ಅಂಥದೊಂದು ಒಲೆಯ ನೆನಪಿದ್ದರೆ, ಅದರ ಕಾವು ಈಗ ಎಲ್ಲಿಯೂ ಸಿಗುವುದಿಲ್ಲ ಎಂಬುದೂ ನಿಮಗೆ ಗೊತ್ತಿರುತ್ತದೆ.

ಅರೇಬಿಕಾ ಕಾಫಿ ಗಿಡಕ್ಕೆ ಬೋರರ್ ಎಂಬ ಕಾಂಡ ಕೊರೆಯುವ ಹುಳು ಬೀಳುತ್ತದೆ. ವರ್ಷಕ್ಕೆರಡು ಸಲ ಹೆಂಗಸರು ಸಾಲಿಗೊಬ್ಬರಂತೆ ನಿಂತು, ಒಂದೊಂದೇ ಗಿಡ ನೋಡುತ್ತ ಅದನ್ನು ಹುಡುಕಬೇಕು. ಎಲೆ ಹಳದಿಯಾಗಿದೆಯಾ, ಕಾಂಡದ ಮೇಲೆ ಉಬ್ಬು ಎದ್ದಿದೆಯಾ ಎಂದು ಉಳಿದವರು ಕಣ್ಣಿನಲ್ಲಿ ನೋಡುತ್ತಿದ್ದರು. ದೊಡ್ಡವ್ವ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಂಡಕ್ಕೆ ಬಲಗಿವಿ ಒತ್ತಿ, ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಾಳೆನಾರು ತೆಗೆದು ಕಾಂಡಕ್ಕೆ ಗಂಟು ಹಾಕುವಳು, ಇಲ್ಲವೇ ಮುಂದಿನ ಗಿಡಕ್ಕೆ ಸರಿಯುವಳು. "ಎಂತ ಮಾರಾಯ್ತಿ, ಗಿಡಕ್ಕೆ ಹೊಟ್ಟೆನೋವಂತಾ?" ಎಂದು ಮೇಸ್ತ್ರಿ ಕಿಚಾಯಿಸಿದರೆ, "ನಿಮ್ಮ ಹೆಸ್ರು ಹಿಡಿದು ಬೈತದೆ ಮೇಸ್ತ್ರಿ, ಕೇಳ್ತೀರಾ?" ಎನ್ನುವಳು. ಗಂಟು ಹಾಕಿದ ಗಿಡವನ್ನು ಕಿತ್ತು ಸೀಳಿದರೆ ಸಾಮಾನ್ಯವಾಗಿ ಒಳಗೆ ಹುಳು ಕೊರೆದ ದಾರಿ ಇರುತ್ತಿತ್ತು. ಕೆಲವು ಸಲ ಏನೂ ಇರುತ್ತಿರಲಿಲ್ಲ, ಅದನ್ನೂ ಹೇಳಬೇಕು. ಏನು ಕೇಳಿಸುತ್ತದೆ ಎಂದು ನಾನು ಕೇಳಿದಾಗ, "ಒಳಗೆ ಅರಳು ಹುರಿದ ಹಾಂಗೆ ಆಗ್ತದೆ ಮಗ" ಎಂದಿದ್ದಳು. ಸಂಜೆ ಮನೆಗೆ ಬಂದಾಗ ಅವಳ ಬಲಗೆನ್ನೆಗೆ, ಕಿವಿಯ ಸುತ್ತ, ಕಾಂಡದ ಹಸಿರು ಪಾಚಿ ಮೆತ್ತಿಕೊಂಡಿರುತ್ತಿತ್ತು. ಅವಳ ಸೆರಗಿನ ತುದಿ ಒದ್ದೆ ಮಾಡಿ ನಾನು ಅದನ್ನು ಒರೆಸುವಾಗ ಅವಳು ಬೆಕ್ಕಿನ ಹಾಗೆ ಮುಖ ಮೇಲೆತ್ತಿ ಕೂರುತ್ತಿದ್ದಳು.

ಆ ಲೈನಿನಿಂದ ಡಿಗ್ರಿಗೆ ಹೋದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೇಗೆ ಓದಿದೆ ಎಂಬುದು ನನಗೆ ಗೊತ್ತು. ಬಿ.ಎಸ್ಸಿ. ಮೊದಲ ವರ್ಷ ಮುಗಿಸಿ ಊರಿಗೆ ಬಂದಿದ್ದೆ. ದೊಡ್ಡವ್ವನಿಗೆ ಬುತ್ತಿ ಕೊಡಲು ತೋಟಕ್ಕೆ ಹೋದಾಗ ಬೋರರ್ ಹುಡುಕುವ ಕೆಲಸ ನಡೆದಿತ್ತು. ಎಸ್ಟೇಟಿನ ರೈಟರು ಹಾಜರಿ ಪುಸ್ತಕ ಹಿಡಿದು ನಿಂತಿದ್ದವರು, "ಸೈನ್ಸ್ ಓದ್ತೀಯಲ್ಲ, ಹೇಳು ನೋಡುವ, ಗಿಡ ಶಬ್ದ ಮಾಡ್ತದಾ?" ಎಂದರು. ಇಪ್ಪತ್ತು ಜನ ಹೆಂಗಸರು ನನ್ನತ್ತ ನೋಡಿದರು. ಅಷ್ಟು ಜನ ನನ್ನ ಮಾತಿಗೆ ಕಾದದ್ದು ಅದೇ ಮೊದಲು. ಗಿಡಕ್ಕೆ ನರವಿಲ್ಲ, ಗಂಟಲಿಲ್ಲ, ಶಬ್ದ ಎಲ್ಲಿಂದ ಬರಬೇಕು ಎಂದು ಶುರುಮಾಡಿ, ಪರೀಕ್ಷೆಯಲ್ಲಿ ಬರೆದ ಹಾಗೆ ಬಿಡಿಸಿ ಹೇಳಿದೆ. ಕಡೆಗೆ, "ದೊಡ್ಡವ್ವನ ಕಿವಿಯೇ ಗುಂಯ್ ಅಂತಿರ್ಬೇಕು" ಎಂದೆ. ಎಲ್ಲರೂ ನಕ್ಕರು. ದೊಡ್ಡವ್ವನೂ ನಕ್ಕಳು. ಕೂತಲ್ಲಿಂದ ಎದ್ದು ಮಂಡಿಯ ಮಣ್ಣು ಕೊಡವಿಕೊಂಡು, "ಓದಿದವ್ಳು ಹೇಳಿದ ಮೇಲೆ ಸರಿಯೇ ಇರ್ತದೆ" ಎಂದಳು.

ಅವಳು ಸಿಟ್ಟು ಮಾಡಿಕೊಂಡಿದ್ದರೆ ನನಗೆ ಈಗ ಸುಲಭವಾಗುತ್ತಿತ್ತು. ಅವಳು ಹೆಮ್ಮೆಪಟ್ಟಳು. ಸಂತೆಯಲ್ಲಿ ಸಿಕ್ಕವರಿಗೆಲ್ಲ, ಗಿಡದ್ದಲ್ಲವಂತೆ, ನನ್ನ ಕಿವೀದೇ ಅಂತೆ, ನಮ್ಮ ಹುಡುಗಿ ಕಂಡುಹಿಡಿದಳು ಎಂದು ಹೇಳಿಕೊಂಡು ತಿರುಗಿದಳು. ಮತ್ತೆ ಯಾವ ಗಿಡಕ್ಕೂ ಕಿವಿ ಕೊಡಲಿಲ್ಲ. ಮುಂದಿನ ರಜೆಗೆ ಬಂದಾಗ ಸಂಜೆ ಅವಳ ಕೆನ್ನೆ ಸ್ವಚ್ಛವಾಗಿತ್ತು. ಒರೆಸಲು ಏನೂ ಇರಲಿಲ್ಲ. ನನ್ನ ಓದು ಮನೆಗೆ ಉಪಯೋಗಕ್ಕೆ ಬಂತು ಎಂದುಕೊಂಡೆ.

ಈಗ ನನಗೆ ಏನೂ ತಿಳಿಯುತ್ತಿಲ್ಲ. ಗಿಡ ಶಬ್ದ ಮಾಡುತ್ತದೆ, ಹಾಗಾದರೆ ನಾನು ಹೇಳಿದ್ದು ತಪ್ಪು. ಆದರೆ ಅದು ಮನುಷ್ಯರ ಕಿವಿಗೆ ಬೀಳುವುದಿಲ್ಲ, ಹಾಗಾದರೆ ಅವಳು ಕೇಳಿದ್ದೇನು? ಒಳಗೆ ಹುಳು ಕಟ್ಟಿಗೆ ಕೊರೆಯುವ ಸದ್ದಿರಬಹುದೇ? ಅಷ್ಟು ವರ್ಷ ಎಲೆ, ಕಾಂಡ ನೋಡಿ ಪಳಗಿದ ಕಣ್ಣು ಮೊದಲೇ ಕಂಡಿದ್ದನ್ನು ಕಿವಿ ಕೇಳಿದೆ ಎಂದುಕೊಳ್ಳುತ್ತಿತ್ತೇ? ನಿಜಕ್ಕೂ ಅವಳ ಕಿವಿಯೇ ಗುಂಯ್ಗುಡುತ್ತಿತ್ತೇ? ನಾನು ಓದಿದ್ದರಲ್ಲಿ ಕಾಫಿ ಗಿಡದ ಮಾತೇ ಇಲ್ಲ. ಕಿವಿ ಕೊಡುವುದು ಬಿಟ್ಟ ಮೇಲೆ ಅವಳ ಗಂಟುಗಳು ಹೆಚ್ಚು ತಪ್ಪಿದವೇ ಎಂದು ನೋಡಿದ್ದರೆ ಒಂದು ಉತ್ತರ ಸಿಗುತ್ತಿತ್ತು. ವಿಜ್ಞಾನ ಓದುತ್ತಿದ್ದವಳು ನಾನು, ಅದೊಂದನ್ನು ನೋಡಲಿಲ್ಲ. ಕೇಳೋಣವೆಂದರೆ ದೊಡ್ಡವ್ವ ಹೋಗಿ ಆರು ವರ್ಷವಾಯಿತು.

ಕಳೆದ ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಲೈನು ಇಲ್ಲ, ಹೋಂಸ್ಟೇಗೆ ಬರುವವರ ಕಾರು ನಿಲ್ಲಿಸಲು ಆ ಜಾಗಕ್ಕೆ ಜಲ್ಲಿ ಹಾಸಿದ್ದಾರೆ. ನಮ್ಮ ಒಲೆ ಇದ್ದದ್ದು ಎಲ್ಲಿ ಎಂದು ಹೆಜ್ಜೆ ಹಾಕಿ ಅಳೆದೆ, ಎರಡು ಸಲ ಎರಡು ಕಡೆ ಬಂತು. ಅದರ ಹಿಂದಿನ ತೋಟದಲ್ಲಿ ಬೋರರ್ ಕಾಟಕ್ಕೆ ಬೇಸತ್ತು, ಆ ಹುಳು ಬೀಳದ ರೊಬಸ್ಟಾ ಕಾಫಿ ನೆಟ್ಟಿದ್ದರು. ಬೇಲಿಯ ಪಕ್ಕ ಮಾತ್ರ ಹಳೇ ಅರೇಬಿಕಾ ಒಂದು ಉಳಿದಿತ್ತು, ಎಲೆ ಸ್ವಲ್ಪ ಹಳದಿ. ಯಾರೂ ಇಲ್ಲವೆಂದು ನೋಡಿಕೊಂಡು, ಸೀರೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತೆ. ಬಲಗಿವಿ ಒತ್ತಿದೆ. ಕಾಂಡ ತಣ್ಣಗಿತ್ತು. ದೊಡ್ಡವ್ವನ ಕೆನ್ನೆಯ ವಾಸನೆ ಅಲ್ಲೇ ಇತ್ತು. ಬಹಳ ಹೊತ್ತು ಕೂತೆ. ಏನೋ ಕೇಳಿದ ಹಾಗಾಯಿತು, ಕೇಳಲಿಲ್ಲ ಎಂದೂ ಅನ್ನಿಸಿತು. ಕಟ್ಟಲು ನನ್ನ ಬಳಿ ಬಾಳೆನಾರೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ನನ್ನ ಮುಖವನ್ನೇ ನೋಡಿ, "ಅಕ್ಕಾ, ಕೆನ್ನೆಗೆ ಎಂತದೋ ಹಸಿರು ಹತ್ತಿದೆ, ಒರೆಸ್ಕಳಿ" ಎಂದಳು. ಹೂಂ ಎಂದೆ. ಚಿಕ್ಕಮಗಳೂರು ಬರುವವರೆಗೂ ಕೈ ಎತ್ತಲಿಲ್ಲ.