ಚನ್ನಾಜಕ್ಕನ ಒಂದು ತಟ್ಟೆ ಹುಳ

ಬೇರೆಯವರ ಮನೆಯ ವಿಷಯಕ್ಕೆ ನನ್ನ ಕಿವಿ ಸ್ವಲ್ಪ ಉದ್ದ. ನಮ್ಮತ್ತೆ ಅದನ್ನು ಮದುವೆಯಾದ ವಾರದಲ್ಲೇ ಕಂಡುಹಿಡಿದಿದ್ದರು. ಹಾಗಾಗಿ ೧೯೬೮ರಲ್ಲಿ ಪಕ್ಕದ ಮನೆಯ ಚನ್ನಾಜಕ್ಕ ಮೈಸೂರಿನ ಆಸ್ಪತ್ರೆಯಿಂದ ಬಂದವಳು, ಮನೆಯೊಳಕ್ಕೆ ಕಾಲಿಡದೆ ನೇರವಾಗಿ ಹಿತ್ತಲ ಕೊಟ್ಟಿಗೆಗೆ ಹೋಗಿ ಚಾಪೆ ಹಾಸಿಕೊಂಡಾಗ, ಯಾಕೆ ಅಂತ ತಿಳಿಯದೆ ನನಗೆ ಊಟ ಸೇರಲಿಲ್ಲ.

ನಮ್ಮ ಮುಳ್ಳೂರಿನಲ್ಲಿ ರೇಷ್ಮೆ ಹುಳ ಸಾಕುವುದಕ್ಕೆ ಅವಳ ಕೈಯೇ ಕೈ. ನನಗೆ ಆ ಕೆಲಸ ಕಲಿಸಿದವಳೂ ಅವಳೇ. ನಲವತ್ತೈದನೇ ವಯಸ್ಸಿಗೆ ಅವಳ ಎದೆಯಲ್ಲಿ ಗಂಟಾಗಿ, ಅದು ಕ್ಯಾನ್ಸರ್ ಅಂತಾಗಿ, ಬಲ ಮೊಲೆಯನ್ನು ತೆಗೆದಿದ್ದರು. ಒಂದೂವರೆ ತಿಂಗಳು ಬಿಟ್ಟು ಮತ್ತೆ ಬರಲೇಬೇಕು, ಚಿಕಿತ್ಸೆ ಇನ್ನೂ ಮುಗಿದಿಲ್ಲ ಅಂತ ಹೇಳಿ ಕಳಿಸಿದ್ದರಂತೆ.

ಕೊಟ್ಟಿಗೆಗೆ ತಳ್ಳಿದವನು ಗಂಡ ಕೆಂಪನಂಜಪ್ಪನೇ ಅಂತ ಬೀದಿಯವರೆಲ್ಲ ಬೈದರು. ನಾನೂ ಸೇರಿಕೊಂಡು ಬೈದೆ. ಆದರೆ ಆ ಮನುಷ್ಯ ದಿನಾ ಕೊಟ್ಟಿಗೆ ಬಾಗಿಲಲ್ಲಿ ನಿಂತು, "ಒಳೀಕೆ ಬಾ, ಎಷ್ಟು ದಿನ ಇಲ್ಲಿರ್ತೀಯೆ?" ಎಂದು ಗೋಗರೆಯುವುದು ನನ್ನ ಕಿವಿಗೇ ಬಿತ್ತು. ಇನ್ನು ತಡೆದುಕೊಳ್ಳಲಾಗಲಿಲ್ಲ. ಮುದ್ದೆ ಸಾರು ಹಿಡಿದುಕೊಂಡು ಹೋಗಿ ಎದುರಿಗೆ ಕೂತೆ.

"ಯಾರಕ್ಕ ನಿನ್ನ ಇಲ್ಲಿಗಾಕಿದ್ದು?"

"ಯಾರೂ ಆಕಿಲ್ಲ ಕಣವ್ವ ಶಿವರತ್ನ, ನಾನೇ ಬಂದೆ. ಸೀಕು ಬಿದ್ದ ಉಳನ ನಾವು ಏನ್ಮಾಡ್ತೀವಿ, ಯೋಳು?"

ಅವಳೇ ಕಲಿಸಿದ ಪಾಠ ಅದು. ಹುಳ ಸಾಕುವ ಬಿದಿರ ತಟ್ಟೆಯಲ್ಲಿ ಒಂದು ಹುಳ ಮಂಕಾದರೂ ಆರಿಸಿ ದೂರ ಹಾಕಬೇಕು, ಇಲ್ಲದಿದ್ದರೆ ಇಡೀ ಬೆಳೆ ಹೋಗುತ್ತದೆ. ಇಪ್ಪತ್ತೈದು ವರ್ಷ ಹಾಗೆ ಹುಳ ಆರಿಸಿದವಳು ಈಗ ತನ್ನನ್ನೂ ಆರಿಸಿ ಆಚೆ ಹಾಕಿಕೊಂಡಿದ್ದಳು.

"ಡಾಕ್ಟ್ರು ಇದು ಅಂಟಲ್ಲ ಅಂದ್ರಂತಲ್ಲಕ್ಕ."

"ಡಾಕ್ಟ್ರೇನು ಉಳ ಸಾಕವ್ರಾ?"

ಮೈಸೂರಿಗೂ ಹೋಗುವುದಿಲ್ಲವಂತೆ. ಬಸ್ಸಿನಲ್ಲಿ ಪಕ್ಕ ಕೂತವಳ ಮಡಿಲಲ್ಲಿ ಕೂಸಿದ್ದರೆ ಅನ್ನುವ ಭಯ. ಚಿಕಿತ್ಸೆ ಬಿಟ್ಟರೆ ಉಳಿಯುವುದಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಂಟುತ್ತದೋ ಇಲ್ಲವೋ ನೋಡಿಯೇಬಿಡೋಣ ಅನ್ನಿಸಿತು.

ಮಾರನೇ ದಿನ ಆಗತಾನೇ ಮೊಟ್ಟೆಯೊಡೆದ ಒಂದು ತಟ್ಟೆ ಹುಳ ತಂದು ಅವಳ ಮುಂದಿಟ್ಟೆ. "ಇವ ನೀನೇ ಮೇಯಿಸ್ಬೇಕು. ಸತ್ರೆ ನನ್ನ ಉಳ ತಾನೆ ಸಾಯದು. ಬದುಕುದ್ರೆ ನೀನು ಮೈಸೂರಿಗೆ ಬರ್ಬೇಕು."

ಅವಳು ಮುಖ ತಿರುಗಿಸಿಕೊಂಡಳು. ಆದರೆ ಹಸಿದ ಹುಳ ಕಂಡು ಸುಮ್ಮನಿರುವ ಜೀವ ಅಲ್ಲ ಅದು. ಸಂಜೆಗೆ ಬಂದು ನೋಡಿದರೆ, ಬಲಗೈ ಮೇಲೇಳದ್ದಕ್ಕೆ ಎಡಗೈಯಲ್ಲೇ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸುತ್ತಿದ್ದಳು.

ದಿನಾ ಸೊಪ್ಪು ಕೊಡುವ ನೆಪದಲ್ಲಿ ಹೋಗುತ್ತಿದ್ದೆ. ಮೊದಮೊದಲು ಬರೀ ಹುಳದ ಮಾತು. ಬರುಬರುತ್ತಾ ಮೈಯ ಮಾತೂ ಬಂತು. ರವಿಕೆಯ ಒಂದು ಕಡೆ ಖಾಲಿ ಜೋಲುವುದು, ಗಂಡನ ಮುಂದೆ ಸೆರಗು ಜಾರಿದರೆ ಆಗುವ ಸಂಕಟ, ಕೈಯೆತ್ತಿ ತಲೆ ಬಾಚಿಕೊಳ್ಳಲಾಗದೆ ಅತ್ತಿದ್ದು. ಇದನ್ನೆಲ್ಲ ಯಾರಿಗೂ ಹೇಳಿರಲಿಲ್ಲವಂತೆ. ನಾನು ಅವಳ ತಲೆ ಬಾಚುತ್ತಾ ಕೇಳಿಸಿಕೊಂಡೆ. ಕೇಳುವ ಕೆಲಸ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನೇನು ಪೂರ್ತಿ ಧೈರ್ಯವಂತೆಯಲ್ಲ. ಮನೆಯ ಹುಳ ಮುಟ್ಟುವ ಮುಂಚೆ ನಮ್ಮಲ್ಲಿ ಎಲ್ಲರೂ ನೀರಿನಲ್ಲಿ ಕೈ ತೊಳೆಯುತ್ತಾರೆ. ನಾನು ಅವಳ ಹತ್ತಿರದಿಂದ ಬಂದಾಗ ನಮ್ಮ ಹಿತ್ತಲ ಬಾವಿಕಟ್ಟೆಯಲ್ಲಿ ಬೂದಿ ಹಾಕಿಕೊಂಡು ಮೊಣಕೈವರೆಗೂ ತಿಕ್ಕುತ್ತಿದ್ದೆ.

ಹುಳ ಮೇವು ಬಿಟ್ಟು ಮಲಗಿ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಮೂರನೇ ಜ್ವರದಲ್ಲಿ ಕೆಲವು ಹುಳ ಹೊತ್ತಿಗೆ ಸರಿಯಾಗಿ ಏಳಲಿಲ್ಲ. "ನಾ ಯೋಳ್ನಿಲ್ವಾ" ಅಂತ ಚನ್ನಾಜಕ್ಕ ಗೋಡೆಗೆ ಒರಗಿಬಿಟ್ಟಳು. ಮಾರನೇ ಬೆಳಗ್ಗೆ ಅವೂ ಎದ್ದು ಸೊಪ್ಪಿಗೆ ಬಿದ್ದವು. ತಿಂಗಳಿಗೆ ಎಲ್ಲವೂ ಗೂಡು ಕಟ್ಟಿದವು. ಗೂಡು ಬಿಡಿಸುವ ದಿನ ಅವಳು ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿ, ನನ್ನ ಕೈಗೆ ಕೊಟ್ಟಳು. "ಬದುಕವೆ" ಅಂದಳು. ನಾನು ಗೆದ್ದ ಖುಷಿಯಲ್ಲಿ ಆ ಗೂಡು ಹಿಡಿದುಕೊಂಡೇ ಅತ್ತೆಗೆ ತೋರಿಸಲು ಮನೆಗೆ ಓಡಿದೆ.

ಮಾರನೇ ದಿನ ಮೈಸೂರಿನ ಬಸ್ಸಿಗೆ ಅವಳು ನನಗಿಂತ ಮುಂಚೆ ಬಂದು ನಿಂತಿದ್ದಳು. ಕೆಂಪನಂಜಪ್ಪ ಚೀಲ ಹತ್ತಿಸಿಕೊಟ್ಟ. ಅವಳು ನನ್ನ ಭುಜಕ್ಕೆ ಭುಜ ತಾಗಿಸಿ ಕೂತಳು. ಕೊಳ್ಳೇಗಾಲ ದಾಟುವವರೆಗೂ ತಡೆದುಕೊಂಡಿದ್ದ ನಾನು, ಆಮೇಲೆ ಜಂಬ ಕೊಚ್ಚಿಯೇಬಿಟ್ಟೆ.

"ನೋಡ್ದಾ ಅಕ್ಕ, ನನ್ನ ಉಳ ನಿನ್ನ ಎಂಗೆ ಒಪ್ಪಿಸ್ಬುಡ್ತು?"

"ಉಳ ಅಲ್ಲ ಕಣವ್ವ" ಅಂದಳು. "ನೀನು ದಿನಾ ನನ್ತಾವಿಂದೋಗಿ ಬೂದಿ ಆಕ್ಕಂಡು ಕೈ ತಿಕ್ತಿದ್ದೆ. ಕೊಟ್ಟಿಗೆ ಕಿಂಡೀಲಿ ಕಾಣ್ತಿತ್ತು."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ನನ್ನ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ನೆನ್ನೆ ನೀನು ಕೈ ತೊಳೀದೇ ಮನೆ ಒಳೀಕೋದೆ. ಅದ ನೋಡ್ಕಂಡು ನಾನೂ ನಮ್ಮನೆ ಒಳೀಕೋದೆ."