ಚೆಂಡುಹೂವಿನ ಪ್ರವಾಹ

ನಮ್ಮ ಕಡೆಯ ದೂರವಾಣಿ ಸಂಭಾಷಣೆಗಳಿಗೆ ಎರಡು ನಾಂದೀಪದ್ಯಗಳಿವೆ. ಒಂದು, 'ನಿಮ್ಮಲ್ಲಿ ಮಳೆ ಹೇಗೆ?' ಇನ್ನೊಂದು, 'ಟವರ್ ಇದೆಯಾ?' ಮೊದಲನೆಯದು ಪಿತ್ರಾರ್ಜಿತ, ಎರಡನೆಯದು ಸ್ವಯಾರ್ಜಿತ. ನಾನು ಶಿವಮೊಗ್ಗದಿಂದ ಫೋನು ಮಾಡಿದಾಗ ಭದ್ರಾವತಿಯಲ್ಲಿರುವ ನನ್ನ ಅಕ್ಕ ಸಾವಿತ್ರಿ ಇವೆರಡನ್ನೂ ಪಠಿಸದೆ ನನ್ನ ಮಂಡಿನೋವಿನ ಯೋಗಕ್ಷೇಮಕ್ಕೆ ಇಳಿದವಳಲ್ಲ. ಟವರ್ ಎಂದರೆ ಕಬ್ಬಿಣದ ಗೋಪುರವಲ್ಲವೇ, ಅದು ನನ್ನ ಮನೆಯೊಳಗೆ ಇರುವುದಾದರೂ ಹೇಗೆ ಎಂದು ಒಮ್ಮೆ ವ್ಯಾಕರಣದ ವಕ್ರಬುದ್ಧಿಯಿಂದ ಕೇಳಿದ್ದೆ. "ನಿನ್ನ ತಲೆಯೊಳಗೆ ಬುದ್ಧಿ ಇದೆ ಅಂತ ನಾವು ನಂಬಿಲ್ವಾ ಮಾರಾಯ? ಹಂಗೇ ಇದೂನೂ" ಎಂದು ಬಾಯಿ ಮುಚ್ಚಿಸಿದಳು.

ಮಳೆಗೂ ಟವರಿಗೂ ಯಾವ ನಂಟೂ ಇಲ್ಲವೆಂದೇ ನಾನು ಬಹುಕಾಲ ತಿಳಿದಿದ್ದೆ. ಅವೆರಡಕ್ಕೂ ಸಂಬಂಧ ಕುದುರಿದ್ದನ್ನು ಕಣ್ಣಾರೆ ಕಂಡ ಮೇಲೆ, ಅದನ್ನು ಯಾರಿಗಾದರೂ ಹೇಳದ ದಿನ ನನಗೆ ಉಂಡದ್ದು ಅರಗುವುದಿಲ್ಲ. ಇವತ್ತು ಸಿಕ್ಕಿಬಿದ್ದವರು ನೀವು.

ಹೊಳಲೂರಿನ ನಮ್ಮ ಅಜ್ಜಿಯ ಕಾಲಕ್ಕೆ ಮಳೆಗಳು ನಕ್ಷತ್ರದ ಹೆಸರಿಟ್ಟುಕೊಂಡು, ಮದುವೆಮನೆಗೆ ಬರುವ ಬೀಗರ ಹಾಗೆ ಸರದಿಯಂತೆ ಬರುತ್ತಿದ್ದವು. 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು' ಎನ್ನುತ್ತ ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಗಾದೆಯ ಉತ್ತರಾರ್ಧವನ್ನು ನಾನು ಇಂದಿಗೂ ಶ್ರದ್ಧೆಯಿಂದ ಪಾಲಿಸುತ್ತಿದ್ದೇನೆ, ಪೂರ್ವಾರ್ಧವನ್ನು ಮಳೆಯೇ ಮರೆತಿದೆ. ತಿಥಿ ನೋಡಿ ಬರುತ್ತಿದ್ದ ಮಳೆ ಈಗ ನಿಜವಾದ ಅರ್ಥದಲ್ಲಿ ಅತಿಥಿ. ಬಾರದಿದ್ದರೆ ತಿಂಗಳುಗಟ್ಟಲೆ ಬಾರದು, ಬಂದರೆ ಒಂದೇ ಮಧ್ಯಾಹ್ನ ಎಲ್ಲವನ್ನೂ ಸುರಿದು ಕೈ ತೊಳೆದುಕೊಳ್ಳುತ್ತದೆ.

ಈ ಮಳೆಗೆ ಹೆದರಿ ಬದುಕುತ್ತಿದ್ದವಳು ಅಕ್ಕ. ಭದ್ರಾವತಿಯ ನ್ಯೂ ಟೌನಿನಿಂದ ತುಸು ಆಚೆ, ದೊಡ್ಡ ಮೋರಿಯ ಬದಿಯಲ್ಲಿ ಅವಳ ಹಿಟ್ಟಿನ ಗಿರಣಿಯಿದೆ. ಊರಾಚೆಯ ಗುಡ್ಡಗಳ ಮೇಲೆ ಬಿದ್ದ ನೀರೆಲ್ಲ ಆ ಮೋರಿಯಲ್ಲೇ ಬರಬೇಕು; ಊರಿನಲ್ಲಿ ಹನಿ ಬೀಳದಿದ್ದರೂ ಮೋರಿ ಉಕ್ಕಬಹುದು. ಹೋದ ಸಲ ಹಾಗೆಯೇ ಸದ್ದಿಲ್ಲದೆ ನುಗ್ಗಿದ ನೀರಿನಲ್ಲಿ ಓಡುತ್ತಿದ್ದ ಮೋಟಾರು ಸುಟ್ಟುಹೋಯಿತು. "ಇನ್ನೊಂದ್ಸಲ ಸುಟ್ರೆ ಮಿಲ್ಲಿನ ಬಾಗಿಲು ಹಾಕ್ತೀನಿ, ನನಗೆ ಸಾಕಾಗಿದೆ" ಎಂದು ಅಕ್ಕ ಹೇಳಿದ್ದಳು. ಇಪ್ಪತ್ತು ವರ್ಷ ಬೀದಿಗೆಲ್ಲ ಹಿಟ್ಟು ಕೊಟ್ಟ ಹೆಂಗಸು ಹಾಗೆಂದಾಗ ನನಗೆ ಹಾಸ್ಯ ಹೊಳೆಯಲಿಲ್ಲ.

ಆಗ ಬಂದದ್ದು ಫೈವ್ ಜೀ. ಟೂ ಜೀ, ಫೋರ್ ಜೀ ಎಂದು ಜನ ಹೇಳುವಾಗಲೆಲ್ಲ ಇದೇನು ಅಂಕಿಗಳಿಗೂ ಬಹುವಚನದ ಮರ್ಯಾದೆ ಎಂದು ನಗುತ್ತಿದ್ದವನು ನಾನು. ಮೊಮ್ಮಕ್ಕಳ ಸಿನಿಮಾ ಬೇಗ ಇಳಿಯುವುದಕ್ಕೆ ಮಾಡಿಕೊಂಡ ಏರ್ಪಾಡು ಅದು ಎಂಬುದು ನನ್ನ ಸಿದ್ಧಾಂತವಾಗಿತ್ತು. ಮೊದಲು ಶಿವಮೊಗ್ಗದ ನಮ್ಮ ಬೀದಿಯ ಕಂಬಕ್ಕೆ ಒಂದು ಬಿಳಿ ಡಬ್ಬಿ ಬಂತು. ಅದು ಗಳಿಗೆಗಳಿಗೆಗೂ ಬೀದಿಯ ಬಿಸಿ ಅಳೆದು ಕಳಿಸುತ್ತದಂತೆ. ಇಂಥ ಸಾವಿರಾರು ಡಬ್ಬಿಗಳು ಒಟ್ಟಿಗೆ ಮಾತಾಡಿದರೂ ಹೊಸ ಜಾಲ ಗದ್ದಲವಾಗದೆ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತದಂತೆ. ನಮ್ಮ ಮನೆಯಲ್ಲಿ ನಾಲ್ವರು ಒಟ್ಟಿಗೆ ಮಾತಾಡಿದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಮರ ಕಡಿದ ನಮ್ಮ ಬೀದಿ, ಮರವಿರುವ ಹಿಂದಿನ ಬೀದಿಗಿಂತ ಹೆಚ್ಚು ಕಾಯುತ್ತದೆ ಎಂದು ಡಬ್ಬಿ ಬೇಗನೆ ವರದಿ ಕೊಟ್ಟಿತು. ಅಜ್ಜಿ ಇದನ್ನು ಬರಿಗಾಲಿನಲ್ಲಿ ಅಳೆಯುತ್ತಿದ್ದಳು. ಆದರೆ ಅಜ್ಜಿಯ ಅಂಗಾಲಿನ ವರದಿ ನಗರಪಾಲಿಕೆಗೆ ತಲುಪುತ್ತಿರಲಿಲ್ಲ, ಡಬ್ಬಿಯದು ತಲುಪಿತು. ರಸ್ತೆಯುದ್ದಕ್ಕೂ ಹೊಂಗೆ ಸಸಿ ನೆಟ್ಟರು, ಒಂದೊಂದನ್ನು ಒಂದೊಂದು ಮನೆಗೆ ವಹಿಸಿದರು. ನನ್ನ ಪಾಲಿಗೂ ಒಂದು ಬಂತು.

ಅಕ್ಕನ ಮೋರಿಗೂ ಡಬ್ಬಿ ಬಂತು. ಊರಾಚೆಯ ಸಣ್ಣ ಸೇತುವೆಯ ಅಡಿಯಲ್ಲಿ ಅದನ್ನು ಕೂರಿಸಿದವಳು ರೇಷ್ಮಾ ಎಂಬ ಇಂಜಿನಿಯರ್ ಹುಡುಗಿ. ಬಾವಿಯೊಳಕ್ಕೆ 'ಹೋ' ಎಂದು ಕೂಗಿ, ದನಿ ತಿರುಗಿ ಬರಲು ಹಿಡಿದ ಹೊತ್ತಿನಿಂದ ಆಳ ಅಂದಾಜು ಮಾಡುತ್ತಿದ್ದೆವಲ್ಲ, ಡಬ್ಬಿಯದೂ ಅದೇ ವಿದ್ಯೆ. ಕೆಳಕ್ಕೆ ನಮಗೆ ಕೇಳಿಸದ ಕೂಗು ಹಾಕುತ್ತದೆ. ಕೂಗು ಬೇಗ ಮರಳಿದರೆ ನೀರು ಏರಿದೆ ಎಂದರ್ಥ; ಕಣ್ಣುರೆಪ್ಪೆ ಬಡಿಯುವುದರೊಳಗೆ ಮೋರಿ ಬದಿಯ ಎಲ್ಲರ ಫೋನುಗಳೂ ಬಡಿದುಕೊಳ್ಳುತ್ತವೆ. ಆ ನೀರು ಗಿರಣಿಗೆ ಬರಲು ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆಯನ್ನು ಕೈಗಿಡುವುದೇ ಡಬ್ಬಿಯ ಕೆಲಸ.

ಇಲ್ಲಿ ನಮ್ಮ ನಂಜುಂಡ ಭಾವ, ಅಂದರೆ ಅಕ್ಕನ ಯಜಮಾನರು, ಪ್ರವೇಶಿಸುತ್ತಾರೆ. ಆಯುಷ್ಯವೆಲ್ಲ ಕಾರ್ಖಾನೆಯಲ್ಲಿ ಸವೆಸಿದ ಭದ್ರಾವತಿಯವರಿಗೆ ಬೋಲ್ಟು ಇದ್ದದ್ದೆಲ್ಲ ದೇವರು. ಆಯುಧಪೂಜೆಯ ದಿನ ಭಾವ ಗಿರಣಿ, ಸ್ಕೂಟರು, ಮಿಕ್ಸಿಗಳಿಗೆ ಕುಂಕುಮವಿಟ್ಟ ಮೇಲೂ ಸುಮ್ಮನಾಗದೆ, 'ನಮ್ಮನ್ನು ಕಾಯೋ ಯಂತ್ರವನ್ನೇ ಮರೆತರೆ ಹೇಗೆ?' ಎಂದು ಸ್ಕೂಟರಿನಲ್ಲಿ ಸೇತುವೆಗೆ ಹೋಗಿ, ಬಗ್ಗಿ, ಡಬ್ಬಿಗೊಂದು ಉದ್ದನೆಯ ಚೆಂಡುಹೂವಿನ ಹಾರ ಇಳಿಬಿಟ್ಟು ಬಂದರು.

ಭಾವ ಮನೆ ತಲುಪುವ ಮೊದಲೇ ಬೀದಿಯ ಫೋನುಗಳೆಲ್ಲ ಕಿರುಚಿಕೊಂಡವು: ನೀರು ಅಪಾಯದ ಮಟ್ಟದಲ್ಲಿದೆ! ತಲೆಯ ಮೇಲೆ ನೆತ್ತಿ ಸುಡುವ ಬಿಸಿಲು. ಆದರೂ ಜನ ಅಕ್ಕಿ ಮೂಟೆ ಅಟ್ಟಕ್ಕೇರಿಸಿದರು. ಹಬ್ಬದ ಹೋಳಿಗೆಯ ಪಾತ್ರೆ ಮಾಳಿಗೆ ಸೇರಿತು. ಗಂಟೆ ಎರಡಾದರೂ ನೀರಿಲ್ಲ. ಓಡಿಬಂದ ರೇಷ್ಮಾ ಸೇತುವೆಯಡಿ ಇಣುಕಿ, ಹಾರ ಬಿಚ್ಚಿ ತಂದಳು. ಡಬ್ಬಿಯ ಕೂಗು ಹೂವಿಗೆ ಬಡಿದು ಹಿಂದಿರುಗುತ್ತಿತ್ತು.

"ಅಂಕಲ್, ಹೋಗಿ ಹೋಗಿ ಅದರ ಕಣ್ಣಿಗೇ ಹಾರ ಹಾಕಿದೀರಲ್ಲ!"

"ಕೆಳಗಿರೋದು ಕಾಲು ಅಂದ್ಕೊಂಡೆ ಕಣಮ್ಮ. ದೇವರಿಗೆ ಕಣ್ಣು ಕೆಳಗಿರುತ್ತೆ ಅಂತ ನಮಗ್ಯಾರು ಹೇಳಿಕೊಟ್ಟಿದ್ರು?"

ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೆ ನಗೆಯ ಹಿಂದೆಯೇ ಅಪನಂಬಿಕೆಯೂ ಬಂತು. 'ಹುಲಿ ಬಂತು ಹುಲಿ' ಎನ್ನುವ ಡಬ್ಬಿ ಎಂದು ಹಲವರು ಫೋನಿನ ಆ ಸದ್ದನ್ನೇ ಅಡಗಿಸಿದರು. ಭಾವನಿಗೆ ಮಾತ್ರ ಮುಖವಿಲ್ಲದಂತಾಯಿತು. ಅಂದಿನಿಂದ ದಿನಾ ಬೆಳಗ್ಗೆ ಸೇತುವೆಗೆ ಹೋಗಿ ಡಬ್ಬಿಯ ಕಣ್ಣಿನೆದುರಿನ ಜೇಡರ ಬಲೆ ತೆಗೆದು ಬರುವುದೇ ಅವರ ಪ್ರಾಯಶ್ಚಿತ್ತವಾಯಿತು. ಜೊತೆಗೆ, ಗಿರಣಿಯ ತೊಲೆಗೆ ಸರಪಳಿಯ ರಾಟೆ ಕಟ್ಟಿ, ಮೋಟಾರನ್ನು ಮೇಲೆತ್ತುವ ಏರ್ಪಾಡನ್ನೂ ಮಾಡಿದರು.

ಸ್ವಾತಿ ಮಳೆಯ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಅಲ್ಲಿದ್ದೆ. ಹದವಾದ ಬಿಸಿಲು. ಗಿರಣಿಯಲ್ಲಿ ಯಾರದೋ ರಾಗಿ ಅರ್ಧ ಬೀಸಿ ಆಗಿತ್ತು. ಫೋನು ಕಿರುಚಿತು.

ಎದುರಿನ ಇಸ್ತ್ರಿ ಅಂಗಡಿಯ ಸೆಲ್ವಮಣಿ ಇಸ್ತ್ರಿಪೆಟ್ಟಿಗೆ ಎತ್ತದೆಯೇ ಕೇಳಿದ, "ಏನ್ ಸಾರ್, ಇವತ್ತು ಸೇವಂತಿಗೆನಾ?"

ಅಕ್ಕ ನಗಲಿಲ್ಲ. ಒಂದು ಕೈ ಸ್ವಿಚ್ಚಿನ ಮೇಲಿಟ್ಟು ಭಾವನ ಕಡೆ ತಿರುಗಿದಳು. "ರೀ, ನಿಜ ಹೇಳಿ. ಅದಕ್ಕೇನಾದ್ರೂ ಹಾಕಿದೀರಾ?"

"ನಿನ್ನಾಣೆ ಇಲ್ಲ ಸಾವಿತ್ರಿ. ಬೆಳಗ್ಗೆ ತಾನೇ ಬಲೆ ತೆಗೆದು ಬಂದಿದೀನಿ. ಕಣ್ಣು ಕನ್ನಡಿ ಹಂಗಿದೆ."

"ಹಂಗಾದ್ರೆ ಎತ್ತಿ."

ಸ್ವಿಚ್ಚು ಆರಿತು. ರಾಗಿ ಅರ್ಧಕ್ಕೇ ನಿಂತಿತು. ಭಾವ ಬೆಲ್ಟು ಕಳಚಿ ಬೋಲ್ಟು ಬಿಚ್ಚಿದರು. ನಾನು ಸರಪಳಿ ಎಳೆದೆ. ಎಳೆದದ್ದಕ್ಕಿಂತ ನೇತಾಡಿದ್ದೇ ಹೆಚ್ಚು ಎಂದು ಅಕ್ಕ ಈಗಲೂ ಹೇಳುತ್ತಾಳೆ. ಮೋಟಾರು ತೊಲೆಗೆ ತೂಗಿದ್ದನ್ನು ಕಂಡು ಸೆಲ್ವಮಣಿಯ ನಗು ಅರ್ಧವಾಯಿತು. ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಮಾಡಿಗೇರಿಸತೊಡಗಿದ. ಅರ್ಧ ಗಂಟೆ ಕಳೆದಿರಬೇಕು, ಬಿಸಿಲು ಹಾಗೇ ಇದ್ದಂತೆ ಮೋರಿಯ ತಿರುವಿನಲ್ಲಿ ಕೆಂಪು ನೀರು ಕಾಣಿಸಿಕೊಂಡಿತು. ನೋಡುನೋಡುತ್ತ ಗಿರಣಿಯ ಹೊಸ್ತಿಲು ದಾಟಿ, ಮೋಟಾರು ಇದ್ದ ಜಾಗದಲ್ಲಿ ಮೊಳಕಾಲುದ್ದ ನಿಂತು, ಎತ್ತರದಲ್ಲಿ ತೂಗುತ್ತಿದ್ದ ಅದನ್ನು ಮುಟ್ಟಲಾರದೆ ಸಂಜೆಗೆ ಇಳಿದುಹೋಯಿತು. ನಾನು ಕುಣಿದೆ. ಆ ಮಂಡಿನೋವಿನಲ್ಲಿ, ಆ ಕೆಸರಿನಲ್ಲಿ. ಮೂರನೆಯ ದಿನ ಉಳಿದರ್ಧ ರಾಗಿಯೂ ಹಿಟ್ಟಾಯಿತು.

ಡಬ್ಬಿಯಿಂದ ಫೋನಿಗೆ ಮಾತು ಬಂದದ್ದು ರೆಪ್ಪೆ ಬಡಿಯುವುದರೊಳಗೆ. ಫೋನಿನಿಂದ ಸ್ವಿಚ್ಚಿಗೆ ಹೋಗಲು ಅಕ್ಕ ಭಾವನನ್ನು ಒಂದು ಪ್ರಶ್ನೆ ಕೇಳಬೇಕಾಯಿತು. ಆ ಕೊನೆಯ ಮೊಳದ ಜಾಲವನ್ನು ನೇಯ್ದದ್ದು ಮಾತ್ರ ದಿನಾ ಬೆಳಗಿನ ಜೇಡರ ಬಲೆಯ ಪ್ರಾಯಶ್ಚಿತ್ತವೇ ಎಂದು ನನಗೆ ತೋರುತ್ತದೆ.

ಈ ವರ್ಷದ ಆಯುಧಪೂಜೆಗೆ ಮುಂಚೆಯೇ ರೇಷ್ಮಾ ಸೇತುವೆಯ ಕಂಬದ ಮೇಲೆ, ಡಬ್ಬಿಯಿಂದ ಮಾರು ದೂರದಲ್ಲಿ, ಕೆಂಪು ಬಣ್ಣದ ದುಂಡು ಬೊಟ್ಟೊಂದನ್ನು ಇಡಿಸಿ, ಕೆಳಗೆ 'ಪೂಜೆ ಇಲ್ಲಿ' ಎಂದು ಬರೆಸಿದ್ದಳು. ಹಾರ ಹಾಕಲು ಈ ಸಲ ಭಾವನ ಸ್ಕೂಟರಿನ ಹಿಂದೆ ಸೆಲ್ವಮಣಿಯೂ ಕೂತು ಹೋಗಿದ್ದನಂತೆ.

ನಿನ್ನೆ ಅಕ್ಕನಿಗೆ ಫೋನು ಮಾಡಿದೆ. ಅವಳು ಮಳೆಯನ್ನೂ ಕೇಳಲಿಲ್ಲ, ಟವರನ್ನೂ ಕೇಳಲಿಲ್ಲ. ಎರಡೂ ಕೂಡಿ ಒಂದೇ ಪ್ರಶ್ನೆಯಾಗಿತ್ತು: "ನಿಮ್ಮ ಡಬ್ಬಿ ಏನಂತೆ?"

"ವಿಪರೀತ ಬಿಸಿಲು ಅಂತೆ ಕಣಕ್ಕ."

"ಮತ್ತೆ ನನ್ನ ಹತ್ರ ಏನು ಮಾತು? ಇಡು ಫೋನು. ಆ ಹೊಂಗೆ ಗಿಡಕ್ಕೆ ನೀರು ಹಾಕು ಹೋಗು."

ಕೊಡಪಾನ ತುಂಬಿಸಿಕೊಂಡು ಹೊರಗೆ ಹೋದೆ.