ಶೇಂಗಾ ಬೀಜದ ಓಟು

ಬೇರೆ ಬೇರೆ ಕಾಲದ ಅಮೆರಿಕ ಅಧ್ಯಕ್ಷರು ಎದುರುಬದುರು ಚುನಾವಣೆಗೆ ನಿಂತರೆ ಯಾರು ಗೆಲ್ತಾರೆ ಅಂತ ಫೋನಿನಲ್ಲಿ ಯಾರೋ ಓಟು ಹಾಕಿಸ್ತಿದ್ರು. ನನಗೆ ನಗು ಬಂತು. ಇದನ್ನ ನಾವು ನಮ್ಮೂರು ನನ್ನಿವಾಳದ ಮನೆ ಜಗಲಿ ಮೇಲೆ ಎಂದೋ ಮಾಡಿ ಮುಗಿಸಿದ್ವಿ.

ಬಿತ್ತನೆಗೆ ಮುಂಚೆ ಮನೆಮಂದಿಯೆಲ್ಲ ಕೂತು ಶೇಂಗಾ ಸುಲೀತಿದ್ವಿ. ಬಾಯಿ ಸುಮ್ನಿದ್ರೆ ಬೀಜ ಹೊಟ್ಟೆಗೆ ಇಳೀತಾವೆ ಅಂತ ಅಜ್ಜಿ ಎಲ್ಲರನ್ನೂ ಮಾತಾಡಿಸ್ತಾನೇ ಇರೋಳು. ಹಂಗೆ ಒಂದಿನ ಚಿಕ್ಕಪ್ಪ ಎರಡು ಬಟ್ಟಲು ಇಟ್ಟ. ಒಂದು ಆಗಿನ ಪಂಚಾಯ್ತಿ ಅಧ್ಯಕ್ಷರದು. ಇನ್ನೊಂದು ನಮ್ಮಜ್ಜಂದು. ಅಜ್ಜನೂ ಒಂದು ಕಾಲಕ್ಕೆ ಅಧ್ಯಕ್ಷ, ನಾನು ಹುಟ್ಟೋ ಮುಂಚೆಯೇ ತೀರಿಕೊಂಡಿದ್ದ. ಒಬ್ಬೊಬ್ಬರಿಗೆ ಒಂದೊಂದು ಬೀಜದ ಓಟು.

"ರಸ್ತೆ ಹಾಕಿಸಿದ್ದು ಈಗಿನೋರು, ಕಣ್ಣಿಗೆ ಕಾಣ್ತೈತೆ" ಅಂದ್ಲು ಚಿಕ್ಕಮ್ಮ. "ಕೆರೆ ಹೂಳು ಎತ್ತಿಸಿದ್ದು ಮಾವನೋರು" ಅಂತ ಅವ್ವ ಜೋರು ಮಾಡಿದ್ಲು. ಎಣಿಸಿದ್ರೆ ಎರಡೂ ಬಟ್ಟಲು ಸಮ, ಅಜ್ಜಿ ಓಟೊಂದು ಬಾಕಿ. ಚಿಕ್ಕಪ್ಪ ಆಗಲೇ ಅಜ್ಜನ ಹೆಸರಲ್ಲಿ ಶಿಳ್ಳೆ ಹೊಡೆದ. ಅಜ್ಜಿ ಕಾಯಿ ಬಿಡಿಸಿ, ಹೊಟ್ಟು ಊದಿ, ಬೀಜವನ್ನ ಈಗಿನೋರ ಬಟ್ಟಲಿಗೆ ಹಾಕಿದ್ಲು.

"ಅವ್ವಾ, ನಿನ್ ಗಂಡನ್ನೇ ಸೋಲಿಸ್ತೀಯಾ?" ಅಂದ ಚಿಕ್ಕಪ್ಪ.

"ಗೆದ್ದಾಗೆಲ್ಲ ಊರು ಊರು ಅಂತ ಮನೆ ಕಡೆ ಬರ್ಲೇ ಇಲ್ಲ ಕಣೋ. ಈ ಸಲನಾದ್ರೂ ಸೋತು ನನ್ ಜೊತೆ ಇರ್ಲಿ."

ಜಗಲಿಯೆಲ್ಲ ನಗು. ಆ ಗದ್ದಲದಲ್ಲಿ ನಾನು ಎರಡೂ ಬಟ್ಟಲಿನ ಓಟು ತಿಂದುಬಿಟ್ಟೆ.

ಇವತ್ತು ಫೋನಿನಲ್ಲಿ ನಾನೂ ಓಟು ಒತ್ತಿದೆ. ಯಾರು ಏನು ಮಾಡಿದ್ರು ಅಂತ ತೂಗಲಿಲ್ಲ. ಯಾವನ ಹೆಂಡತಿ ಹೆಚ್ಚು ದಾರಿ ಕಾದಿರಬಹುದು ಅಂತ ಯೋಚಿಸಿ, ಅವನನ್ನ ಸೋಲಿಸಿದೆ.